ಬ್ರೇಕ್ ಲೈಟ್: ಬಲ್ಬು ಬದಲಿಸುವಾಗ ಹೋಲ್ಡರನ್ನೂ ನೋಡಿ

ಬ್ರೇಕ್ ಲೈಟ್ ಕೆಟ್ಟಿರುವುದು ಕಾರು ಓಡಿಸುವವರಿಗೇ ಎಲ್ಲರಿಗಿಂತ ತಡವಾಗಿ ತಿಳಿಯುತ್ತದೆ. ಇಂಡಿಕೇಟರಿನ ಬಲ್ಬು ಸುಟ್ಟರೆ ಡ್ಯಾಶ್‌ಬೋರ್ಡಿನ ಟಿಕ್ ಟಿಕ್ ಸದ್ದು ಚುರುಕಾಗಿ ಎಚ್ಚರಿಸುತ್ತದೆ. ಬ್ರೇಕ್ ಲೈಟಿಗೆ ಅಂಥ ಸೂಚನೆ ನಮ್ಮ ಊರುಗಳಲ್ಲಿ ಓಡಾಡುವ ಹೆಚ್ಚಿನ ಕಾರುಗಳಲ್ಲಿ ಇಲ್ಲ. ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುವಾಗ, ಅಥವಾ ಕೊಟ್ಟಿಗೆಹಾರದಿಂದ ಚಾರ್ಮಾಡಿಯ ತಿರುವುಗಳಿಗೆ ಮಂಜಿನಲ್ಲಿ ಇಳಿಯುವಾಗ, ಮುಂದಿನ ಕಾರು ನಿಲ್ಲುತ್ತಿದೆ ಎಂಬುದನ್ನು ಹಿಂದಿನ ಲಾರಿಯ ಚಾಲಕನಿಗೆ ತಿಳಿಸುವುದು ಆ ಕೆಂಪು ದೀಪವೊಂದೇ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ವಾಹನವು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ ಎಂಬುದನ್ನು ನೆನೆದರೆ, ಅವನಿಗೆ ಒಂದು ಸೆಕೆಂಡು ತಡವಾಗಿ ತಿಳಿದರೂ ಏನಾಗಬಹುದು ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪರೀಕ್ಷಿಸಲು ಇನ್ನೊಬ್ಬರ ನೆರವೂ ಬೇಕಿಲ್ಲ. ಕತ್ತಲಾದ ಮೇಲೆ ಕಾರನ್ನು ಗೋಡೆಯೊಂದರ ಹತ್ತಿರಕ್ಕೆ ಹಿಮ್ಮುಖವಾಗಿ ನಿಲ್ಲಿಸಿ ಬ್ರೇಕ್ ತುಳಿದರೆ, ಎಡ, ಬಲ ಮತ್ತು ಮೇಲಿನ ಮೂರನೆಯ ದೀಪದ ಬೆಳಕು ಗೋಡೆಯ ಮೇಲೆ ಬಿದ್ದು ಕನ್ನಡಿಯಲ್ಲಿ ಕಾಣುತ್ತದೆ. ಈ ಹಂತದಲ್ಲೇ ದೋಷದ ಮೂಲ ಅರ್ಧ ತಿಳಿದುಬಿಡುತ್ತದೆ. ಒಂದು ಬದಿಯದು ಮಾತ್ರ ಉರಿಯದಿದ್ದರೆ ಬಲ್ಬು ಅಥವಾ ಅದರ ಹೋಲ್ಡರನ್ನು ಶಂಕಿಸಬೇಕು. ಮೂರೂ ಒಟ್ಟಿಗೆ ಉರಿಯದಿದ್ದರೆ ಫ್ಯೂಸ್ ಹೋಗಿರಬಹುದು, ಇಲ್ಲವೇ ಬ್ರೇಕ್ ಪೆಡಲಿನ ಮೇಲ್ಭಾಗದಲ್ಲಿರುವ ಸ್ವಿಚ್ ಕೆಟ್ಟಿರಬಹುದು. ಮೂರು ದೀಪಗಳು ಒಂದೇ ದಿನ ಸುಡುವುದು ತೀರಾ ಅಪರೂಪ. ಅನೇಕ ಆಟೊಮ್ಯಾಟಿಕ್ ಕಾರುಗಳಲ್ಲಿ ಇದೇ ಸ್ವಿಚ್ ಕೆಟ್ಟಾಗ ಗೇರ್ ಲಿವರ್ ಪಾರ್ಕಿಂಗ್ ಸ್ಥಾನದಿಂದ ಕದಲುವುದಿಲ್ಲ. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರಿನ ಹೊಸದನ್ನು ಹಾಕಬೇಕೇ ಹೊರತು, ತಂತಿಯ ತುಂಡನ್ನಾಗಲಿ ಹೆಚ್ಚಿನ ಆಂಪಿಯರಿನ ಫ್ಯೂಸನ್ನಾಗಲಿ ಎಂದಿಗೂ ಹಾಕಬಾರದು.

ಇನ್ನು ಬಲ್ಬಿನ ವಿಚಾರ. ಅನೇಕ ಕಾರುಗಳಲ್ಲಿ ಹಿಂಬದಿಯ ಸಣ್ಣ ದೀಪ ಮತ್ತು ಬ್ರೇಕ್ ದೀಪ ಎರಡಕ್ಕೂ ಒಂದೇ ಬಲ್ಬು ಇರುತ್ತದೆ. ಅದರೊಳಗೆ 5 ವ್ಯಾಟಿನ ಒಂದು ತಂತು (ಫಿಲಮೆಂಟ್) ರಾತ್ರಿ ದೀಪಕ್ಕೆ, 21 ವ್ಯಾಟಿನ ಮತ್ತೊಂದು ತಂತು ಬ್ರೇಕಿಗೆ. ರಾತ್ರಿ ಹಿಂದಿನ ದೀಪ ಸರಿಯಾಗಿಯೇ ಉರಿಯುತ್ತಿದ್ದರೂ ಬ್ರೇಕ್ ದೀಪ ಸತ್ತಿರಬಹುದು ಎಂಬುದನ್ನು ಬಹಳ ಜನ ಗಮನಿಸುವುದಿಲ್ಲ. ಈ ಬಲ್ಬನ್ನು ಪಿ21/5ಡಬ್ಲ್ಯು ಎಂದು ಗುರುತಿಸುತ್ತಾರೆ. ಇದರ ಹಿತ್ತಾಳೆಯ ಬುಡದಲ್ಲಿರುವ ಎರಡು ಪಿನ್ನುಗಳು ಒಂದೇ ಎತ್ತರದಲ್ಲಿರದೆ ಒಂದು ಮೇಲೆ, ಒಂದು ಕೆಳಗೆ ಇರುತ್ತವೆ. ತಳದಲ್ಲಿ ಎರಡು ಸಂಪರ್ಕ ಬಿಂದುಗಳಿರುತ್ತವೆ. ಒಂದೇ ತಂತುವಿನ ಪಿ21ಡಬ್ಲ್ಯು ಬಲ್ಬಿನಲ್ಲಿ ಪಿನ್ನುಗಳು ಸಮನಾಗಿದ್ದು, ಸಂಪರ್ಕ ಬಿಂದು ಒಂದೇ. ಪಿನ್ನುಗಳನ್ನು ಹೀಗೆ ಏರುಪೇರು ಮಾಡಿರುವುದು ಬಲ್ಬನ್ನು ತಿರುಗುಮುರುಗಾಗಿ ಹಾಕದಿರಲೆಂದು. ಬಲವಂತವಾಗಿ ಒತ್ತಿ ತಿರುಗಿಸಿದರೆ ರಾತ್ರಿಯಿಡೀ 21 ವ್ಯಾಟಿನ ತಂತು ಉರಿದು, ಬ್ರೇಕ್ ತುಳಿದಾಗ 5 ವ್ಯಾಟಿನದು ಮಾತ್ರ ಉರಿಯುವ ಅಪಾಯಕರ ಸ್ಥಿತಿ ಬರುತ್ತದೆ. ಕೆಲವು ಕಾರುಗಳಲ್ಲಿ ಲೋಹದ ಬುಡವೇ ಇಲ್ಲದ, ನೇರವಾಗಿ ಎಳೆದು ತೆಗೆಯುವ ಗಾಜಿನ ಬುಡದ ಬಲ್ಬು ಇರುತ್ತದೆ. ಆದ್ದರಿಂದ ಅಂಗಡಿಗೆ ಹೋಗುವಾಗ ಹಳೆಯ ಬಲ್ಬನ್ನು ಕೈಯಲ್ಲಿ ಹಿಡಿದುಕೊಂಡೇ ಹೋಗುವುದು ಒಳ್ಳೆಯದು.

ಬಿಚ್ಚುವ ಕೆಲಸ ಕಷ್ಟದ್ದಲ್ಲ. ಎಂಜಿನ್ ಮತ್ತು ದೀಪಗಳನ್ನು ಆರಿಸಿ, ಗಾಜು ತಣ್ಣಗಾಗಲು ಕೆಲ ನಿಮಿಷ ಬಿಡಬೇಕು. ಡಿಕ್ಕಿಯ ಬಾಗಿಲು ತೆರೆದರೆ ದೀಪದ ಅಂಚಿನಲ್ಲಿ ಸ್ಕ್ರೂ ಅಥವಾ ನಟ್ಟುಗಳು ಕಾಣುತ್ತವೆ. ಕೆಲವು ಕಾರುಗಳಲ್ಲಿ ಡಿಕ್ಕಿಯ ಒಳಗಿನ ಹೊದಿಕೆಯನ್ನು ಸರಿಸಿ ಕೈ ಹಾಕಬೇಕಾಗುತ್ತದೆ. ಸ್ಕ್ರೂ ಬಿಚ್ಚಿದ ಮೇಲೂ ದೀಪ ಸಡಿಲವಾಗದಿದ್ದರೆ ಹೊರ ಅಂಚಿನಲ್ಲಿ ಪ್ಲಾಸ್ಟಿಕ್ ಗೂಟಗಳು ಹಿಡಿದುಕೊಂಡಿವೆ ಎಂದರ್ಥ. ಸ್ಕ್ರೂಡ್ರೈವರಿನಿಂದ ಮೀಟದೆ, ಎರಡೂ ಕೈಗಳಿಂದ ನೇರವಾಗಿ ಹಿಂದಕ್ಕೆ ಎಳೆಯಬೇಕು. ಪಕ್ಕಕ್ಕೆ ತಿರುಚಿದರೆ ಗೂಟ ಮುರಿದು, ಬಲ್ಬಿನ ಜೊತೆಗೆ ಇಡೀ ದೀಪವನ್ನೇ ಕೊಳ್ಳಬೇಕಾದೀತು. ಹೋಲ್ಡರನ್ನು ಎಡಕ್ಕೆ ತಿರುಗಿಸಿದರೆ ಹೊರಬರುತ್ತದೆ, ಬಲ್ಬನ್ನು ಮೆಲ್ಲಗೆ ಒಳಕ್ಕೆ ಒತ್ತಿ ಎಡಕ್ಕೆ ತಿರುಗಿಸಿದರೆ ಕೈಗೆ ಬರುತ್ತದೆ.

ಹೊಸ ಬಲ್ಬು ಹಾಕುವ ಮೊದಲು ಹಳೆಯದನ್ನು ಬೆಳಕಿಗೆ ಹಿಡಿದು ನೋಡಬೇಕು. ನನ್ನ ಕೆಲಸದಲ್ಲಿ ನಾನು ಅತಿ ಹೆಚ್ಚು ಮಹತ್ವ ಕೊಡುವುದು ಈ ಒಂದು ಕ್ಷಣಕ್ಕೆ. ತಂತು ತುಂಡಾಗಿ ಗಾಜಿನ ಒಳಭಾಗ ಕಪ್ಪಾಗಿದ್ದರೆ ಬಲ್ಬು ತನ್ನ ಆಯುಸ್ಸು ಮುಗಿಸಿದೆ, ಚಿಂತೆಯಿಲ್ಲ. ಗಾಜಿನ ಒಳಗೆ ಬಿಳಿಯ ಹೊಗೆಯಂಥ ಪದರ ಕಂಡರೆ ಗಾಜು ಸೀಳಿ ಒಳಗೆ ಗಾಳಿ ಹೊಕ್ಕಿದೆ; ದೀಪದೊಳಗೆ ಸೋರಿದ ನೀರಿನ ಹನಿ ಬಿಸಿ ಗಾಜಿನ ಮೇಲೆ ಬಿದ್ದರೂ ಹೀಗಾಗುತ್ತದೆ. ತಂತು ಅಖಂಡವಾಗಿದ್ದರಂತೂ ತಪ್ಪು ಬಲ್ಬಿನದ್ದಲ್ಲ. ತೋಟದ ಕಡೆಯಿಂದ ಬರುವವರು, “ಹೋದ ತಿಂಗಳಷ್ಟೇ ಹೊಸ ಬಲ್ಬ್ ಹಾಕಿಸಿದ್ದೆ ಸಾರ್, ಮತ್ತೆ ಉರೀತಾ ಇಲ್ಲ” ಎಂದಾಗ ನಾನು ಮೊದಲು ನೋಡುವುದು ಹೋಲ್ಡರಿನ ತಳವನ್ನು. ಮೂಡಿಗೆರೆ, ಸಕಲೇಶಪುರದ ಸುತ್ತ ತಿಂಗಳುಗಟ್ಟಲೆ ಮಳೆಯಲ್ಲೇ ನಿಲ್ಲುವ ಕಾರುಗಳಲ್ಲಿ ಅಲ್ಲಿ ಹಸಿರು ಕಿಲುಬು ಕಟ್ಟಿರುತ್ತದೆ, ಇಲ್ಲವೇ ಸ್ಪ್ರಿಂಗಿನ ಬಲ ಕುಂದಿರುತ್ತದೆ. ಕಿಲುಬನ್ನು ನಯವಾದ ಎಮರಿ ಪೇಪರಿನಿಂದ ಉಜ್ಜಿ, ಒಣ ಬಟ್ಟೆಯಿಂದ ಒರೆಸಬೇಕು. ಕರಗಿದ ಅಥವಾ ಸುಟ್ಟ ಹೋಲ್ಡರನ್ನು ಉಜ್ಜಿ ಫಲವಿಲ್ಲ, ಅದನ್ನು ಬದಲಿಸಲೇಬೇಕು.

ಬ್ರೇಕ್ ತುಳಿದಾಗ ಅದೇ ಬದಿಯ ಇಂಡಿಕೇಟರೂ ಮಂಕಾಗಿ ಹೊತ್ತಿಕೊಂಡರೆ, ಅಥವಾ ಉರಿಯುತ್ತಿದ್ದ ಸಣ್ಣ ದೀಪ ಆರಿಹೋದರೆ, ಅದು ಹೆಚ್ಚಾಗಿ ಅರ್ತ್, ಅಂದರೆ ವಿದ್ಯುತ್ತು ಕಾರಿನ ಲೋಹದ ಮೈ ಮೂಲಕ ಬ್ಯಾಟರಿಗೆ ಮರಳುವ ದಾರಿ, ಸರಿಯಾಗಿಲ್ಲದಿರುವುದರ ಲಕ್ಷಣ. ವಿದ್ಯುತ್ತು ತನ್ನ ಸರಿಯಾದ ದಾರಿ ಸಿಗದೆ ಪಕ್ಕದ ಬಲ್ಬಿನ ಮೂಲಕ ಹಾದುಹೋಗುತ್ತಿರುತ್ತದೆ. ಆಗ ಎಷ್ಟು ಬಲ್ಬು ಬದಲಿಸಿದರೂ ಪ್ರಯೋಜನವಿಲ್ಲ. ದೀಪದಿಂದ ಕಾರಿನ ಲೋಹದ ಮೈಗೆ ಹೋಗುವ ಅರ್ತ್ ವೈರಿನ ತುದಿಯನ್ನು ಬಿಚ್ಚಿ, ತುಕ್ಕು ತೆಗೆದು, ಬಿಗಿಯಬೇಕು. ಇದು ಕೈಗೆ ಎಟುಕದಿದ್ದರೆ ಆಟೋ ಎಲೆಕ್ಟ್ರಿಷಿಯನ್ ಬಳಿಗೆ ಹೋಗುವುದೇ ಸರಿ.

ಎಲ್‌ಇಡಿ ಬಲ್ಬು ಹಾಕಬಹುದೇ ಎಂದು ಹಲವರು ಕೇಳುತ್ತಾರೆ. ಎಲ್‌ಇಡಿ ಬಲ್ಬು, ತಂತು ಬಲ್ಬಿಗಿಂತ ಕ್ಷಣದ ಒಂದಂಶ ಬೇಗ ಹೊತ್ತುತ್ತದೆ ಎಂಬುದು ನಿಜವಾದ ಅನುಕೂಲ. ಆದರೆ ತಂತು ಬಲ್ಬಿಗೆಂದು ರೂಪಿಸಿದ ದೀಪದಲ್ಲಿ ಅಗ್ಗದ ಎಲ್‌ಇಡಿ ಹಾಕಿದಾಗ ಬೆಳಕು ಸರಿಯಾಗಿ ಹರಡದೆ, ಸಣ್ಣ ದೀಪಕ್ಕೂ ಬ್ರೇಕಿಗೂ ಇರಬೇಕಾದ ವ್ಯತ್ಯಾಸ ಹಿಂದಿನವರಿಗೆ ಸ್ಪಷ್ಟವಾಗಿ ಕಾಣದೇ ಹೋಗುತ್ತದೆ. ಕಾರಿನೊಂದಿಗೆ ಬಂದ ಮಾದರಿಯ ಬಲ್ಬನ್ನೇ ಹಾಕಿ ಎಂಬುದು ನನ್ನ ಸಲಹೆ.

ಜೋಡಿಸುವಾಗ ದೀಪದ ಹಿಂಬದಿಯ ರಬ್ಬರ್ ಸೀಲನ್ನು ಬೆರಳಿನಿಂದ ಸುತ್ತ ಸವರಿ ನೋಡಬೇಕು. ಅದು ಹರಿದಿದ್ದರೆ ಅಥವಾ ಗಟ್ಟಿಯಾಗಿ ಚಪ್ಪಟೆಯಾಗಿದ್ದರೆ ಮುಂದಿನ ಮಳೆಗೆ ನೀರು ಮತ್ತೆ ಒಳಹೊಗುತ್ತದೆ. ಸ್ಕ್ರೂಗಳನ್ನು ಸಮನಾಗಿ ಬಿಗಿಯಬೇಕು. ಅತಿಯಾಗಿ ಬಿಗಿದರೆ ಪ್ಲಾಸ್ಟಿಕ್ ಸೀಳಿ ಅಲ್ಲಿಂದಲೇ ಸೋರಿಕೆ ಶುರುವಾಗುತ್ತದೆ. ಪೂರ್ತಿ ಬಿಗಿಯುವ ಮೊದಲೇ ಸಣ್ಣ ದೀಪ ಹಾಕಿಟ್ಟು ಬ್ರೇಕ್ ತುಳಿದು ನೋಡಿ: ಉರಿಯುತ್ತಿರುವ ಬೆಳಕು ಎದ್ದು ಕಾಣುವಷ್ಟು ಪ್ರಖರವಾಗಬೇಕು, ಎರಡೂ ಬದಿ ಒಂದೇ ಸಮನಾಗಿರಬೇಕು, ಅದೇ ಬದಿಯ ಇಂಡಿಕೇಟರ್ ಮತ್ತು ರಿವರ್ಸ್ ದೀಪವೂ ಮೊದಲಿನಂತೆ ಕೆಲಸ ಮಾಡಬೇಕು.