ಅಂಗುಳಿನ ಮೇಲೆ ಮೂರೂವರೆ ಮಿಲಿಮೀಟರ್

ಪರೀಕ್ಷೆ ಹತ್ತಿರ ಬಂದಾಗ ಬಾಯಲ್ಲಿ ಹುಣ್ಣೇಳುವುದು ಹಾಸ್ಟೆಲ್‌ನಲ್ಲಿ ಇದ್ದವರಿಗೆಲ್ಲ ಗೊತ್ತು. ‘ಉಷ್ಣ ಆಗಿದೆ, ಮಜ್ಜಿಗೆ ಕುಡಿ’ ಎಂದು ಮನೆಯಿಂದ ಫೋನಿನಲ್ಲಿ ಸಲಹೆ ಬರುತ್ತದೆ. ಅಮೆರಿಕದ ಓಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು ಬೇರೆಯದೇ ಒಂದು ಪ್ರಶ್ನೆ ಹಾಕಿಕೊಂಡರು: ಬಾಯಲ್ಲಿ ನಾವೇ ಅಳತೆ ಹಿಡಿದು ಗಾಯ ಮಾಡಿದರೆ, ಪರೀಕ್ಷೆಯ ದಿನಗಳಲ್ಲಿ ಅದು ಮಾಯಲು ಎಷ್ಟು ಹೊತ್ತು ಹಿಡಿಯುತ್ತದೆ?

ಹನ್ನೊಂದು ಜನ ದಂತವೈದ್ಯ ವಿದ್ಯಾರ್ಥಿಗಳು ಒಪ್ಪಿದರು. ಗಟ್ಟಿ ಅಂಗುಳಿನ ಮೇಲೆ 3.5 ಮಿಲಿಮೀಟರ್ ಅಗಲದ ದುಂಡನೆಯ ಗಾಯ, ಒಂದು ಬೇಸಿಗೆ ರಜೆಯಲ್ಲಿ, ಇನ್ನೊಂದು ಪರೀಕ್ಷೆಗೆ ಮೂರು ದಿನ ಮುಂಚೆ, ಎದುರು ಬದಿಯಲ್ಲಿ. ದಿನಾ ಫೋಟೊ ತೆಗೆದರು, ಹೈಡ್ರೋಜನ್ ಪೆರಾಕ್ಸೈಡ್ ಹಚ್ಚಿ ನೊರೆ ಬರುತ್ತದೆಯೇ ಎಂದು ನೋಡಿದರು. 1998ರಲ್ಲಿ ಫಲಿತಾಂಶ ಪ್ರಕಟವಾಯಿತು. ಪರೀಕ್ಷೆ ಕಾಲದ ಗಾಯ ಸರಾಸರಿ ಮೂರು ದಿನ ತಡವಾಗಿ, ಅಂದರೆ ಶೇ 40ರಷ್ಟು ನಿಧಾನವಾಗಿ ಮಾಯಿತು. ಹನ್ನೊಂದು ಜನರಲ್ಲಿ ಒಬ್ಬರಿಗೂ ರಜೆಯ ವೇಗ ದಕ್ಕಲಿಲ್ಲ.

ಕಾರಣ ಕಲ್ಪನೆಯದಲ್ಲ. ಒತ್ತಡ ಬಂದಾಗ ಮಿದುಳಿನ ಹೈಪೊಥಲಾಮಸ್ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ, ಅದು ಮೂತ್ರಪಿಂಡದ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗೆ ದಾಟಿಸುತ್ತದೆ, ಅಲ್ಲಿಂದ ಕಾರ್ಟಿಸಾಲ್ ರಕ್ತಕ್ಕೆ ಸೇರುತ್ತದೆ. ಗಂಟೆಗಟ್ಟಲೆ ಇದ್ದರೆ ಇದು ಒಳ್ಳೆಯದೇ, ಎಚ್ಚರ ತರುತ್ತದೆ. ವಾರಗಟ್ಟಲೆ ಏರಿಯೇ ಇದ್ದರೆ ಗಾಯದ ಜಾಗಕ್ಕೆ ರಿಪೇರಿಯವರನ್ನು ಕರೆಯುವ ಇಂಟರ್‌ಲ್ಯೂಕಿನ್-1ರಂಥ ಸಂಕೇತಗಳನ್ನು ಅಡಗಿಸುತ್ತದೆ. ಆ ಹನ್ನೊಂದು ಜನರ ರಕ್ತಕಣಗಳಲ್ಲಿ ಇಂಟರ್‌ಲ್ಯೂಕಿನ್-1 ತಯಾರಿಸುವ ಸಂದೇಶ ಪರೀಕ್ಷೆ ಕಾಲದಲ್ಲಿ ಶೇ 68ರಷ್ಟು ಇಳಿದಿತ್ತು.

ಅದೇ ವಿಶ್ವವಿದ್ಯಾಲಯದಲ್ಲಿ ಇದಕ್ಕೂ ಮುಂಚೆ, 1992ರಲ್ಲಿ, 48 ವೈದ್ಯಕೀಯ ವಿದ್ಯಾರ್ಥಿಗಳಿಗೆ ಹೆಪಟೈಟಿಸ್ ಬಿ ಲಸಿಕೆಯ ಮೂರೂ ಡೋಸುಗಳನ್ನು ಬೇಕೆಂದೇ ಪರೀಕ್ಷೆ ದಿನಗಳಂದು ಹಾಕಿ ನೋಡಿದ್ದರು. ಮೊದಲ ಡೋಸಿಗೇ ಪ್ರತಿಕಾಯ ಕಟ್ಟಿಕೊಂಡವರು ಕಾಲು ಭಾಗ ಮಾತ್ರ, ಅವರು ಉಳಿದವರಿಗಿಂತ ಕಡಿಮೆ ಒತ್ತಡದಲ್ಲಿದ್ದವರು. ನಮ್ಮ ನರ್ಸಿಂಗ್, ಎಂಬಿಬಿಎಸ್ ಮಕ್ಕಳಿಗೆ ಇದರಿಂದ ನೇರ ಪ್ರಯೋಜನವಿದೆ. 0, 1, 6 ತಿಂಗಳ ಡೋಸ್ ಮುಗಿಸಿ ಸರ್ಟಿಫಿಕೇಟ್ ಫೈಲಿಗೆ ಸೇರಿಸಿದರೆ ಸಾಲದು. ಕೊನೆಯ ಡೋಸಿನ ಒಂದೆರಡು ತಿಂಗಳ ನಂತರ ಟೈಟರ್ ಪರೀಕ್ಷೆ (ರಕ್ತದಲ್ಲಿ ಪ್ರತಿಕಾಯ ಎಷ್ಟಿದೆ ಎಂಬ ಅಳತೆ) ಮಾಡಿಸಿ, ಮಿಲಿಲೀಟರಿಗೆ 10 ಮಿಲಿ-ಯೂನಿಟ್ ಅಥವಾ ಹೆಚ್ಚಿದೆ ಎಂದು ಖಾತ್ರಿ ಮಾಡಿಕೊಳ್ಳಬೇಕು.

ಅಂಗುಳಿನ ಗಾಯದ ಮಾತಿಂದ ಶುರು ಮಾಡಿದ್ದಕ್ಕೆ ಕಾರಣವಿದೆ. ಒತ್ತಡ ಅಂದಕೂಡಲೆ ‘ಮನಸ್ಸು ಗಟ್ಟಿ ಮಾಡ್ಕೋ’ ಎನ್ನುವವರು ಹೆಚ್ಚು, ಸೀನಿಯರ್‌ಗಳಂತೂ ‘ನಾವೂ ಇದೇ ವಾರ್ಡ್‌ನಲ್ಲಿ ಬೆಂದು ಬಂದವರು’ ಎನ್ನುತ್ತಾರೆ. ಬಿಪಿ ಏರಿದ ರೋಗಿಗೆ ಈ ಮಾತನ್ನು ಯಾರೂ ಹೇಳುವುದಿಲ್ಲ. ಅಳೆಯುತ್ತಾರೆ, ಬರೆದಿಡುತ್ತಾರೆ, ಚಿಕಿತ್ಸೆ ಕೊಡುತ್ತಾರೆ.

ಅಳೆದವರು ಕಂಡದ್ದೇನು? 2016ರಲ್ಲಿ 43 ದೇಶಗಳ 183 ಅಧ್ಯಯನಗಳನ್ನು ಒಟ್ಟುಗೂಡಿಸಿದಾಗ, ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಶೇ 27.2 ಮಂದಿಗೆ ಖಿನ್ನತೆ ಅಥವಾ ಅದರ ಲಕ್ಷಣಗಳಿದ್ದವು. ನಮ್ಮಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ವರದಿ ಕೊಟ್ಟಿತು. ಅದರ ಆನ್‌ಲೈನ್ ಸಮೀಕ್ಷೆಗೆ ಉತ್ತರಿಸಿದ 25,590 ಪದವಿ ವಿದ್ಯಾರ್ಥಿಗಳಲ್ಲಿ ಶೇ 27.8 ಮಂದಿ ತಮಗೆ ಮಾನಸಿಕ ಆರೋಗ್ಯದ ತೊಂದರೆ ಪತ್ತೆಯಾಗಿದೆ ಎಂದರು. ಇಷ್ಟಪಟ್ಟು ಉತ್ತರಿಸಿದವರ ಲೆಕ್ಕ ಇದು, ಇಡೀ ದೇಶದ ಸರಾಸರಿ ಎಂದು ಓದಬಾರದು. ಆದರೆ 2016ರ ಲೆಕ್ಕದಲ್ಲಿ ಇನ್ನೊಂದು ಅಂಕಿಯಿದೆ, ನಿಜವಾಗಿ ಕಾಡಬೇಕಾದ್ದು ಅದು: ಖಿನ್ನತೆಯ ಲಕ್ಷಣ ಇದ್ದವರಲ್ಲಿ ಚಿಕಿತ್ಸೆಗೆ ಹೋದವರು ಶೇ 15.7 ಮಾತ್ರ. ರೋಗಲಕ್ಷಣವನ್ನು ಪುಸ್ತಕದಲ್ಲಿ ಓದಿ, ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಹೇಳಿ ಅಂಕ ತೆಗೆದುಕೊಂಡವರೇ ಬಾಗಿಲು ತಟ್ಟುವುದಿಲ್ಲ. ಕಾಲೇಜಿನ ಸೈಕಿಯಾಟ್ರಿ ಒಪಿಡಿಯಲ್ಲಿ ಕೂತಿರುವವರು ನಾಳೆ ತಮ್ಮ ಪರೀಕ್ಷಕರು, ಹೊರಗಿನ ಬೆಂಚಿನಲ್ಲಿ ಪೋಸ್ಟಿಂಗ್‌ಗೆ ಬಂದ ಕ್ಲಾಸ್‌ಮೇಟ್‌ಗಳು. ಯಾರು ತಾನೆ ಹೋದಾರು?

ಹಾಗಾಗಿ ಮೊದಲ ಅಳತೆ ರೂಮಿನಲ್ಲೇ ಆಗಲಿ. ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಉಚಿತವಾಗಿ ಸಿಗುತ್ತದೆ, ಕನ್ನಡದಲ್ಲೂ ಇದೆ. ಹಿಂದಿನ ಎರಡು ವಾರಗಳ ಬಗ್ಗೆ ಒಂಬತ್ತು ಪ್ರಶ್ನೆ, ಪ್ರತಿಯೊಂದಕ್ಕೂ ‘ಇಲ್ಲವೇ ಇಲ್ಲ’ (0) ಎಂಬಲ್ಲಿಂದ ‘ಹೆಚ್ಚುಕಮ್ಮಿ ದಿನಾ’ (3) ತನಕ ಅಂಕ, ಒಟ್ಟು 27. ಹತ್ತು ಅಥವಾ ಹೆಚ್ಚು ಬಂದರೆ ಯಾರನ್ನಾದರೂ ಕಾಣಬೇಕು. ಎಡವುವುದು ಒಂದು ಕಡೆ: ನಿದ್ದೆ, ಸುಸ್ತು, ಊಟ, ಏಕಾಗ್ರತೆ ಈ ನಾಲ್ಕು ಪ್ರಶ್ನೆಗಳಿಗೆ ನೈಟ್ ಡ್ಯೂಟಿ ಮಾಡಿದ ಯಾವ ಹೌಸ್ ಸರ್ಜನ್ ಆದರೂ ಏಳೆಂಟು ಅಂಕ ಪಡೆದುಬಿಡುತ್ತಾರೆ. ಆದ್ದರಿಂದ ಮೊದಲೆರಡು ಪ್ರಶ್ನೆಗಳನ್ನು ಬೇರೆಯಾಗಿ ನೋಡಬೇಕು. ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು, ಮನಸ್ಸು ಕುಗ್ಗಿರುವುದು ಇವೆರಡೇ ಸೇರಿ ಮೂರು ಅಥವಾ ಹೆಚ್ಚು ಬಂದರೆ ಅದನ್ನು ಡ್ಯೂಟಿ ಮೇಲೆ ಹಾಕಿ ಸುಮ್ಮನಾಗುವಂತಿಲ್ಲ. ಒಂಬತ್ತನೆಯದು ಸಾಯುವ ಯೋಚನೆಯ ಪ್ರಶ್ನೆ. ಅದಕ್ಕೆ ಸೊನ್ನೆ ಬಿಟ್ಟು ಏನು ಬಂದರೂ, ಒಟ್ಟು ಎಷ್ಟೇ ಇರಲಿ, ಅಂದೇ ಮಾತಾಡಬೇಕು.

ಇದು ಜರಡಿಯಷ್ಟೇ, ರೋಗನಿರ್ಣಯವಲ್ಲ. ಥೈರಾಯ್ಡ್, ರಕ್ತಹೀನತೆ, ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಇವೂ ಥೇಟ್ ಖಿನ್ನತೆಯ ವೇಷದಲ್ಲೇ ಬರುತ್ತವೆ. ರಕ್ತ ಪರೀಕ್ಷೆ ಮಾಡಿಸದೆ ‘ನನಗೆ ಡಿಪ್ರೆಶನ್’ ಎಂದು ತೀರ್ಮಾನಿಸುವುದೂ ತಪ್ಪೇ.

ಇನ್ನು ನಿದ್ದೆ. ಒಂದನ್ನೇ ಕಾಪಾಡಿಕೊಳ್ಳಲು ಸಾಧ್ಯ ಎಂದಾದರೆ ಇದನ್ನು ಕಾಪಾಡಬೇಕು. ಸತತ 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಚುರುಕು ರಕ್ತದಲ್ಲಿ ಶೇ 0.05 ಮದ್ಯ ಇದ್ದವರ ಮಟ್ಟಕ್ಕೆ ಇಳಿಯುತ್ತದೆ ಎಂದು 1997ರಲ್ಲಿ ಆಸ್ಟ್ರೇಲಿಯಾದ ಪ್ರಯೋಗವೊಂದು ತೋರಿಸಿತು. 24 ಗಂಟೆಗೆ ಅದು ಶೇ 0.10ರ ಸಮ. ನಮ್ಮ ಮೋಟಾರು ವಾಹನ ಕಾಯ್ದೆಯ ಮಿತಿ ಶೇ 0.03. ಅಂದರೆ ಬೆಳಿಗ್ಗೆ ಆರಕ್ಕೆ ಎದ್ದು ರಾತ್ರಿ ಹನ್ನೊಂದರವರೆಗೂ ವಾರ್ಡ್‌ನಲ್ಲಿ ನಿಂತವರ ಸ್ಥಿತಿ, ಪೊಲೀಸರು ಊದಿಸಿದರೆ ಕೇಸು ಹಾಕುವಷ್ಟು ಕುಡಿದವರಿಗಿಂತ ಉತ್ತಮವೇನಲ್ಲ. ಅಷ್ಟು ಹೊತ್ತಿಗೆ ಅವರ ಕೈಯಲ್ಲಿ ರೋಗಿಯ ರಕ್ತನಾಳಕ್ಕೆ ಚುಚ್ಚುವ ಕ್ಯಾನುಲಾ ಇರುತ್ತದೆ. ಡ್ಯೂಟಿ ಮುಗಿಸಿ ಮನೆಗೆ ಸ್ಕೂಟರ್ ಹತ್ತುವುದಕ್ಕಿಂತ ಡ್ಯೂಟಿ ರೂಮಿನಲ್ಲೇ ಮಲಗಿ ಹೋಗುವುದು, ಇಲ್ಲವೇ ಆಟೊ ಹಿಡಿಯುವುದು ಮೇಲು.

ನೈಟ್ ಡ್ಯೂಟಿಯ ದಿನ ಮಧ್ಯಾಹ್ನ ಒಂದೂವರೆ ಗಂಟೆ ಮಲಗಿ ಏಳಬೇಕು, ನಿದ್ದೆಯ ಒಂದು ಪೂರ್ಣ ಸುತ್ತಿಗೆ ಸುಮಾರು ಅಷ್ಟು ಹೊತ್ತು ಬೇಕು. ನಡುರಾತ್ರಿ ಬಿಡುವಾದರೆ ಇಪ್ಪತ್ತು ನಿಮಿಷ ಸಾಕು. ನಲವತ್ತು-ಐವತ್ತು ನಿಮಿಷ ಮಲಗಿದರೆ ಗಾಢ ನಿದ್ದೆಯ ನಡುವೆ ಎದ್ದು ತಲೆ ಮಂಕಾಗಿಬಿಡುತ್ತದೆ, ತಪ್ಪು ಡೋಸ್ ಬರೆಯುವುದು ಇಂಥ ಹೊತ್ತಲ್ಲೇ. ಕಾಫಿಯ ಕೆಫೀನ್ ಅರ್ಧಕ್ಕಿಳಿಯಲು ಸುಮಾರು ಐದು ಗಂಟೆ ಬೇಕು. ಬೆಳಿಗ್ಗೆ ಎಂಟಕ್ಕೆ ಮಲಗುವವರು ನಸುಕಿನ ಮೂರರ ನಂತರ ಲೋಟ ಮುಟ್ಟಬಾರದು. ಮನೆಗೆ ಹೋಗುವಾಗ ಕೂಲಿಂಗ್ ಗ್ಲಾಸ್ ಹಾಕಿಕೊಂಡರೆ ಬೆಳಗಿನ ಬಿಸಿಲು ಮಿದುಳಿಗೆ ‘ಬೆಳಗಾಯಿತು’ ಎಂದು ಹೇಳುವುದು ಕಡಿಮೆಯಾಗುತ್ತದೆ.

ಪರೀಕ್ಷೆ ಹಿಂದಿನ ರಾತ್ರಿ ನಿದ್ದೆಗೆಡುವವರು ಹೆಚ್ಚಾಗಿ ಮಾಡುವುದು ಮತ್ತೆ ಮತ್ತೆ ಓದುವುದು. 2006ರ ಒಂದು ಪ್ರಯೋಗದಲ್ಲಿ ಒಂದೇ ಪಾಠವನ್ನು ನಾಲ್ಕು ಸಲ ಓದಿದವರಿಗೆ ವಾರದ ನಂತರ ಶೇ 40ರಷ್ಟು ನೆನಪಿತ್ತು. ಒಮ್ಮೆ ಓದಿ ಮೂರು ಸಲ ಪುಸ್ತಕ ಮುಚ್ಚಿ ನೆನಪಿನಿಂದ ಬರೆದವರಿಗೆ ಶೇ 61. ತಮಾಷೆಯೆಂದರೆ ಓದಿದ ಐದೇ ನಿಮಿಷಕ್ಕೆ ಪರೀಕ್ಷಿಸಿದಾಗ ನಾಲ್ಕು ಸಲ ಓದಿದವರೇ ಮುಂದಿದ್ದರು. ‘ಎಲ್ಲಾ ಬರ್ತಿದೆ’ ಎನ್ನಿಸಿ, ಇಂಟರ್ನಲ್ಸ್‌ನಲ್ಲಿ ಕೈಕೊಡುವುದು ಹೀಗೆ. ಬ್ರೇಕಿಯಲ್ ಪ್ಲೆಕ್ಸಸ್ (ತೋಳಿಗೆ ಹೋಗುವ ನರಗಳ ಜಾಲ) ಆದರೆ ಹತ್ತು ನಿಮಿಷ ನೋಡಿ, ಪುಸ್ತಕ ಮುಚ್ಚಿ, ಖಾಲಿ ಹಾಳೆಯಲ್ಲಿ ಬೇರುಗಳಿಂದ ಕೊಂಬೆಗಳವರೆಗೆ ಬಿಡಿಸಿ, ತಪ್ಪಿದ್ದಕ್ಕೆ ಮಾತ್ರ ಕೆಂಪು ಪೆನ್ನು ಹಾಕಿ. ಮಾರನೇ ದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು ಮತ್ತೆ. ಎಸ್ಸೆಸ್ಸೆಲ್ಸಿವರೆಗೆ ಕನ್ನಡದಲ್ಲಿ ಓದಿ ಬಂದವರು ಇದನ್ನು ಬಾಯಿಬಿಟ್ಟು ಇಂಗ್ಲಿಷಿನಲ್ಲೇ ಹೇಳಬೇಕು. ಮೊದಲ ವರ್ಷದ ವೈವಾದಲ್ಲಿ ಅವರು ತಡವರಿಸುವುದು ವಿಷಯ ಗೊತ್ತಿಲ್ಲದೆ ಅಲ್ಲ, ನಾಲಗೆಗೆ ಆ ಪದಗಳು ಒಗ್ಗಿರುವುದಿಲ್ಲ ಅಷ್ಟೆ.

ವೈವಾದ ನಡುಕಕ್ಕೆ ಸೀನಿಯರ್ ಕೊಟ್ಟ, ಎದೆಬಡಿತ ಇಳಿಸುವ ಪ್ರೊಪ್ರನಲಾಲ್ ಮಾತ್ರೆ ನುಂಗುವ ಚಾಳಿ ಬೇಡ. ಅಸ್ತಮಾ ಇದ್ದವರಿಗೆ ಅದು ಉಸಿರುಗಟ್ಟಿಸಬಹುದು. ನಿದ್ದೆಗೆಂದು ಆಲ್‌ಪ್ರಜೋಲಾಂ ಮಾತ್ರೆ ಶುರು ಮಾಡಿದವರು ಕೆಲವೇ ವಾರಗಳಲ್ಲಿ ಅದಿಲ್ಲದೆ ಮಲಗಲಾರದಂತಾಗಬಹುದು. ಖಿನ್ನತೆಯ ಮಾತ್ರೆಗಳ ತೊಂದರೆ ಉಲ್ಟಾ. ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಬರುತ್ತವೆ, ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಸ್ವಂತ ಬುದ್ಧಿಯಿಂದ ಶುರು ಮಾಡಿದವರು ಐದನೇ ದಿನ ಬಿಟ್ಟು, ‘ನನಗೆ ಇದೂ ಕೆಲಸ ಮಾಡಲಿಲ್ಲ’ ಎಂದುಕೊಳ್ಳುತ್ತಾರೆ.

ನರ್ಸಿಂಗ್ ವಿದ್ಯಾರ್ಥಿಗಳ ಸ್ಥಿತಿ ಇನ್ನೂ ಬಿಗಿ. ಪದವಿ ಕೈಗೆ ಸಿಗಬೇಕಾದರೆ ಕ್ಲಿನಿಕಲ್ ಹಾಜರಿ ಶೇ 100 ಆಗಬೇಕು. ಜ್ವರ ಬಂದು ಮಲಗಿದ ದಿನವನ್ನೂ ರಜೆಯಲ್ಲಿ ಬಂದು ತುಂಬಿಸಬೇಕು. ಸೂಜಿ ಚುಚ್ಚಿಕೊಂಡಾಗ ಬೈಗುಳಕ್ಕೆ ಹೆದರಿ ಮುಚ್ಚಿಟ್ಟು, ತಿಂಗಳುಗಟ್ಟಲೆ ಒಳಗೇ ನಡುಗುವವರಿದ್ದಾರೆ. ಎಚ್‌ಐವಿ ಇರುವ ರೋಗಿಯ ಸೂಜಿ ಚುಚ್ಚಿದರೂ ಸೋಂಕು ತಗಲುವ ಸಾಧ್ಯತೆ ಸಾವಿರಕ್ಕೆ ಮೂರು. ಸೋಪು ನೀರಿನಲ್ಲಿ ತೊಳೆಯಬೇಕು, ಹಿಂಡಬಾರದು. ಕೂಡಲೆ ಇನ್‌ಚಾರ್ಜ್‌ಗೆ ತಿಳಿಸಬೇಕು. ವೈದ್ಯರು ಬೇಕೆಂದರೆ ಎರಡು ಗಂಟೆಯೊಳಗೆ ಎಚ್‌ಐವಿ ತಡೆಯುವ ಮಾತ್ರೆ ಶುರುವಾಗುವುದು ಒಳ್ಳೆಯದು, 72 ಗಂಟೆ ದಾಟುವಂತಿಲ್ಲ, ಒಟ್ಟು 28 ದಿನ. ಇಲ್ಲಿ ಬೈದು ಬಾಯಿ ಮುಚ್ಚಿಸುವ ಸಿಸ್ಟರ್, ಆ ಎರಡು ಗಂಟೆಗಳನ್ನೇ ಕಸಿದುಕೊಂಡಂತೆ.

ಕಾಲೇಜುಗಳ ಪಾಲನ್ನು ಬಿಟ್ಟು ಮಾತಾಡಿದರೆ ಅನ್ಯಾಯ. ಆಸ್ಪತ್ರೆಯಲ್ಲಿ ದುಡಿಯುತ್ತಲೇ ತರಬೇತಿ ಪಡೆಯುವ ವೈದ್ಯರಿಗಾಗಿ ಮಾಡಿದ 1992ರ ಕೇಂದ್ರ ರೆಸಿಡೆನ್ಸಿ ನಿಯಮ ಸತತ 12 ಗಂಟೆ, ವಾರಕ್ಕೆ 48 ಗಂಟೆ ಡ್ಯೂಟಿ ಎಂದಿತ್ತು. 2024ರ ಕಾರ್ಯಪಡೆ ವಾರಕ್ಕೆ 74 ಗಂಟೆ ಮೀರದಿರಲಿ, ಒಂದು ದಿನ ರಜೆ ಇರಲಿ ಎಂದು ಶಿಫಾರಸು ಮಾಡಿತು. ಅಂದರೆ ಮಕ್ಕಳ ಪರ ನಿಂತವರೇ ಇಡಬೇಕಾದ ಗುರಿ 26 ಗಂಟೆ ಮೇಲೇರಿದೆ! ವರ್ಷಕ್ಕೊಂದು ಯೋಗ ದಿನ, ಒಂದು ‘ಸ್ಟ್ರೆಸ್ ಮ್ಯಾನೇಜ್‌ಮೆಂಟ್’ ಭಾಷಣ ಮಾಡಿ, ರೋಸ್ಟರ್ ಮುಟ್ಟದಿದ್ದರೆ ಉಪಯೋಗವಿಲ್ಲ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಈ ಕ್ರಮದಲ್ಲಿ ಪಾಳಿ ತಿರುಗಿಸಿದರೆ ದೇಹ ಬೇಗ ಹೊಂದಿಕೊಳ್ಳುತ್ತದೆ, ರಾತ್ರಿಯಿಂದ ಮಧ್ಯಾಹ್ನಕ್ಕೆ ಹಿಂದಕ್ಕೆ ಎಳೆದರೆ ಒದ್ದಾಡುತ್ತದೆ. ಇದಕ್ಕೆ ಹೊಸ ಹುದ್ದೆಯೂ ಬೇಡ, ದುಡ್ಡೂ ಬೇಡ.

ಸ್ವಂತ ಕಾಲೇಜಿನ ಒಪಿಡಿ ಬೇಡವಾದರೆ ಬೇರೆ ದಾರಿಗಳಿವೆ. ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ದಿನದ ಯಾವ ಹೊತ್ತಲ್ಲಾದರೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರ್ 10ರಂದು ಶುರುವಾದ ಈ ಸೇವೆಯ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವೈದ್ಯರನ್ನೂ ಕಾಣಬಹುದು. ದೇಶಕ್ಕೆಲ್ಲ ಹಬ್ಬಿದ ಆ ಕಾರ್ಯಕ್ರಮದ ಮೊದಲ ಮಾದರಿ ರೂಪುಗೊಂಡದ್ದು ನಮ್ಮ ಬಳ್ಳಾರಿಯಲ್ಲೇ. ಚಿಕಿತ್ಸೆಯ ವಿವರವನ್ನು ಗುಟ್ಟಾಗಿಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ.

ರೂಮ್‌ಮೇಟ್ ಒಂದು ವಾರದಿಂದ ಮೆಸ್‌ಗೆ ಬರುತ್ತಿಲ್ಲ, ರೆಕಾರ್ಡ್ ಬುಕ್ ಮುಟ್ಟಿಲ್ಲ, ತನ್ನ ಸ್ಟೆತೊಸ್ಕೋಪನ್ನು ಜೂನಿಯರ್‌ಗೆ ‘ಇಟ್ಕೋ’ ಎಂದು ಕೊಟ್ಟಿದ್ದಾಳೆ ಎನ್ನಿ. ಸುತ್ತಿ ಬಳಸಿ ಕೇಳುವುದು ಬೇಡ. ಪಕ್ಕದಲ್ಲಿ ಕೂತು, ‘ಸತ್ತು ಹೋಗೋಣ ಅಂತ ಅನ್ನಿಸ್ತಿದೆಯೇನೇ?’ ಎಂದು ನೇರ ಕೇಳಿ. ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಹೌದೆಂದರೆ ಬುದ್ಧಿವಾದ ಶುರು ಮಾಡಬೇಡಿ, ಬಿಟ್ಟೂ ಹೋಗಬೇಡಿ. ರೂಮಿನಲ್ಲಿರುವ ಔಷಧಿಗಳನ್ನೆಲ್ಲ ವಾರ್ಡನ್ ಕೈಗೆ ಕೊಡಿಸಿ, 14416ಕ್ಕೆ ಡಯಲ್ ಮಾಡಿ ಸ್ಪೀಕರ್‌ಗೆ ಹಾಕಿ, ಇಬ್ಬರೂ ಒಟ್ಟಿಗೇ ಮಾತಾಡಿ. ಪ್ರಾಣಕ್ಕೆ ಈಗಲೇ ಅಪಾಯವಿದೆ ಅನ್ನಿಸಿದರೆ ಫೋನಿಗೂ ಕಾಯದೆ ಹತ್ತಿರದ ಕ್ಯಾಶುವಾಲ್ಟಿಗೆ ಕರೆದುಕೊಂಡು ಹೋಗಿ. ನಾಳೆ ಬೆಳಿಗ್ಗೆ ಪೋಸ್ಟಿಂಗ್ ಇದ್ದರೆ ಇರಲಿ.