ಜಾಕೆಟ್ ಮೊದಲೋ, ಗುರಿ ಮೊದಲೋ?

ಪ್ರಶ್ನೆ: ಮಗಳು ಎಂಟನೇ ಕ್ಲಾಸು. ಎರಡು ತಿಂಗಳಿಂದ 10 ಮೀಟರ್ ಏರ್ ರೈಫಲ್ ಕಲಿಯಲು ಹೋಗುತ್ತಿದ್ದಾಳೆ. ಗುಂಡು ಒಂದು ಕಡೆ ಬಿದ್ದರೆ ಇನ್ನೊಂದು ಮತ್ತೆಲ್ಲೋ ಬೀಳುತ್ತದೆ. ಜಾಕೆಟ್, ಪ್ಯಾಂಟ್, ಶೂ, ಒಳ್ಳೆಯ ಸೈಟ್ (ರೈಫಲ್ ಮೇಲೆ ಗುರಿ ನೋಡುವ ಸಾಧನ) ಇದ್ದರೆ ಸರಿಹೋಗುತ್ತದೆ ಅನ್ನುತ್ತಾಳೆ. ಯಾವುದನ್ನು ಮೊದಲು ಕೊಡಿಸಲಿ?

ಉತ್ತರ: ಸದ್ಯಕ್ಕೆ ಒಂದು ಗ್ಲೌಸ್, ಒಂದೆರಡು ಡಬ್ಬಿ ಪೆಲೆಟ್, ಅಂದರೆ ಏರ್ ರೈಫಲ್ಲಿನ ಪುಟ್ಟ ಗುಂಡು. ಅಷ್ಟು ಸಾಕು. ರೈಫಲ್ ಕ್ಲಬ್ಬಿನದೇ ಇರಲಿ.

ಇದು ದುಡ್ಡು ಉಳಿಸುವ ಮಾತಲ್ಲ. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ: "ಒಂದು ಕಡೆ ಬಿದ್ದರೆ ಇನ್ನೊಂದು ಮತ್ತೆಲ್ಲೋ." ಐದು ಗುಂಡು ಹೊಡೆದ ಟಾರ್ಗೆಟ್ ಕಾರ್ಡನ್ನು ಕೈಗೆ ತೆಗೆದುಕೊಂಡು ನೋಡಿ. ಐದೂ ರಂಧ್ರ ಒಂದೇ ಕಡೆ ಒತ್ತಾಗಿದ್ದು, ಆ ಗುಂಪು ಮಾತ್ರ ನಡುವಿನಿಂದ ಎಡಕ್ಕೋ ಕೆಳಕ್ಕೋ ಇದ್ದರೆ ಬಹುಮಟ್ಟಿಗೆ ಅದು ಸೈಟಿನ ಕೆಲಸ. ಅದರ ತಿರುಪನ್ನು ನಾಲ್ಕು ಕ್ಲಿಕ್ ತಿರುಗಿಸಿದರೆ ಮುಗಿಯಿತು. ರಂಧ್ರಗಳು ಚೆಲ್ಲಾಪಿಲ್ಲಿಯಾಗಿದ್ದರೆ, ತಪ್ಪು ಮೊದಲು ಹುಡುಕಬೇಕಾದದ್ದು ನಿಂತವರಲ್ಲಿ. ಎನ್‌ಸಿಸಿಯಲ್ಲಿ ಪಾಯಿಂಟ್ ಟೂ ಟೂ ರೈಫಲ್ ಹಿಡಿದವರಿಗೆ ಈ 'ಗ್ರೂಪಿಂಗ್' ಪಾಠ ನೆನಪಿರುತ್ತದೆ. ಮೊದಲು ಗುಂಪು ಕೂಡಿಸು, ಆಮೇಲೆ ನಡುವಿಗೆ ತಾ.

ಚೆಲ್ಲಾಪಿಲ್ಲಿ ಇರುವಾಗಲೇ ಹೊಸ ಸೈಟ್ ತಂದರೆ ಏನಾಗುತ್ತದೆ? ನಾನೇ ಮಾಡಿ ನೋಡಿದ್ದೇನೆ. ಕಲಿಯಲು ಶುರು ಮಾಡಿದ ಮೂರನೇ ತಿಂಗಳಲ್ಲಿ ದುಬಾರಿ ಐರಿಸ್ ಒಂದನ್ನು (ಹಿಂದಿನ ಸೈಟಿನಲ್ಲಿ ಕಣ್ಣಿಟ್ಟು ನೋಡುವ ಕಿಂಡಿ, ತಿರುಗಿಸಿ ಹಿರಿದು ಕಿರಿದು ಮಾಡಬಹುದು) ಹಾಕಿಸಿದೆ. ಒಂದು ವಾರ ಸ್ಕೋರ್ ಏರಿದ ಹಾಗಿತ್ತು. ಮತ್ತೆ ಇಳಿಯಿತು. ಆಗ ಶುರುವಾಯಿತು ಫಜೀತಿ: ತಪ್ಪು ಐರಿಸ್‌ನದೋ ನನ್ನದೋ ಗೊತ್ತಾಗಲಿಲ್ಲ. ದಿನಾ ಅದನ್ನೇ ತಿರುಗಿಸುತ್ತಾ ಕೂತೆ.

ಲೆಕ್ಕ ಒಂದು ಹೇಳುತ್ತೇನೆ. ಟಾರ್ಗೆಟ್ಟಿನ ನಡುವಿನ ಚುಕ್ಕೆ 0.5 ಮಿ.ಮೀ. ಅಲ್ಲಿಂದಾಚೆ ಒಂದೊಂದು ರಿಂಗಿಗೂ 2.5 ಮಿ.ಮೀ. ಅಂತರ. ಹಿಂದಿನ ಸೈಟಿಗೂ ಮುಂದಿನ ಸೈಟಿಗೂ 80 ಸೆಂ.ಮೀ. ದೂರ ಅಂತ ಇಟ್ಟುಕೊಳ್ಳಿ. ಎರಡೂ ಒಂದಕ್ಕೊಂದು ಬರೀ 0.2 ಮಿ.ಮೀ. ಓರೆಯಾದರೂ 10 ಮೀಟರಿನಲ್ಲಿ ಗುಂಡು ಒಂದು ರಿಂಗ್ ಆಚೆ ಬೀಳುತ್ತದೆ. ಬೆರಳು ಟ್ರಿಗರನ್ನು ಸ್ವಲ್ಪ ಪಕ್ಕಕ್ಕೆ ಎಳೆದರೆ ಅದಕ್ಕಿಂತ ಜಾಸ್ತಿ ಅಲುಗುತ್ತದೆ. ಅದನ್ನು ಸರಿಮಾಡುವ ಸೈಟ್ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಹಾಗಾದರೆ ಕಲಿಯಬೇಕಾದದ್ದೇನು? ಮೊದಲು ನಿಲುವು. ಬಲಗೈಯವಳಾದರೆ ಎಡಪಕ್ಕ ಟಾರ್ಗೆಟ್ ಕಡೆಗೆ. ಎಡ ಮೊಣಕೈ ಸೊಂಟದ ಎಲುಬಿನ ಮೇಲೋ ಪಕ್ಕೆಗೆ ಒರಗಿಯೋ ಕೂರಬೇಕು. ರೈಫಲ್ಲಿನ ತೂಕವನ್ನು ಎಲುಬು ಹೊರಬೇಕು, ತೋಳಲ್ಲ. ಸ್ಪರ್ಧೆಯ ರೈಫಲ್ 5.5 ಕೆ.ಜಿ. ತನಕ ಇರಬಹುದು. ಅದನ್ನು ತೋಳಿನ ಬಲದಲ್ಲಿ 60 ಸಲ ಎತ್ತಿ ಹಿಡಿಯಲು ದೊಡ್ಡವರಿಂದಲೂ ಆಗುವುದಿಲ್ಲ.

ಇಲ್ಲೊಂದು ಸುಲಭದ ಪರೀಕ್ಷೆ ಇದೆ. ಗುರಿ ಹಿಡಿದು ಕಣ್ಣು ಮುಚ್ಚಲಿ. ಎರಡು ಉಸಿರು ಎಳೆದು ಬಿಟ್ಟು ಕಣ್ಣು ತೆರೆಯಲಿ. ಗುರಿ ಪಕ್ಕಕ್ಕೆ ಸರಿದಿದೆಯಾ? ಹಾಗಿದ್ದರೆ ಮೈ ಸಹಜವಾಗಿ ನೋಡುತ್ತಿರುವುದು ಆ ಕಡೆಗೆ. ಕೈಯಿಂದ ರೈಫಲ್ ತಳ್ಳಿ ನಡುವಿಗೆ ತರಬಾರದು, ಪಾದ ಸರಿಸಬೇಕು. ಕೈಯಿಂದ ತಳ್ಳಿದರೆ ಟ್ರಿಗರ್ ಒತ್ತುವ ಹೊತ್ತಿಗೆ ಮೈ ತನ್ನ ಜಾಗಕ್ಕೇ ವಾಪಸ್ ಹೋಗುತ್ತದೆ. ಚೆಲ್ಲಾಪಿಲ್ಲಿ ಗುಂಡುಗಳಲ್ಲಿ ಎಷ್ಟೋ ಇಲ್ಲೇ ಹುಟ್ಟುವುದು.

ಉಸಿರು, ಟ್ರಿಗರ್ ಕೋಚ್ ಹೇಳಿಕೊಡುತ್ತಾರೆ. ಎಂಟು ಹತ್ತು ಸೆಕೆಂಡಿನಲ್ಲಿ ಹೊಡೆಯಲು ಆಗದಿದ್ದರೆ ರೈಫಲ್ ಇಳಿಸುವುದನ್ನು ಮಾತ್ರ ಒತ್ತಿ ಹೇಳಿ. ಮಕ್ಕಳಿಗೆ ಇಳಿಸಲು ನಾಚಿಕೆ. ಇನ್ನೊಂದು, ಹೊಡೆದ ಮೇಲೂ ಒಂದೆರಡು ಸೆಕೆಂಡು ಹಾಗೇ ನಿಲ್ಲಬೇಕು. ಎಷ್ಟು ಬಂತು ಅಂತ ನೋಡಲು ತಕ್ಷಣ ತಲೆ ಎತ್ತುವ ಚಟ ಹತ್ತಿದರೆ, ಗುಂಡು ನಳಿಗೆ ದಾಟುವ ಮೊದಲೇ ತಲೆ ಏಳಲು ಶುರುವಾಗುತ್ತದೆ.

ಇದನ್ನೆಲ್ಲ ಕಲಿಯಲು ಪೆಲೆಟ್ಟೇ ಬೇಕಿಲ್ಲ. ದಿನಾ ಇಪ್ಪತ್ತು ನಿಮಿಷ ಹೋಲ್ಡಿಂಗ್, ಅಂದರೆ ಹೊಡೆಯದೆ ಬರೀ ಗುರಿ ಹಿಡಿದು ನಿಲ್ಲುವುದು. ಆಮೇಲೆ ಡ್ರೈ ಪ್ರಾಕ್ಟೀಸ್, ಅಂದರೆ ಪೆಲೆಟ್ ಇಲ್ಲದೆ ಟ್ರಿಗರ್ ಒತ್ತುವುದು. ಸ್ಪರ್ಧೆಯ ಏರ್ ರೈಫಲ್‌ಗಳಲ್ಲಿ ಇದಕ್ಕೆಂದೇ ಏರ್ಪಾಡಿರುತ್ತದೆ. ಮನೆಯಲ್ಲಿ ನಳಿಗೆ ಬಗ್ಗಿಸಿ ಲೋಡ್ ಮಾಡುವ ಸ್ಪ್ರಿಂಗ್ ಗನ್ ಇದ್ದರೆ ಅದರಲ್ಲಿ ಮಾತ್ರ ಖಾಲಿ ಹೊಡೆಯಬೇಡಿ, ಒಳಗಿನ ಪಿಸ್ಟನ್ ಹಾಳಾಗುತ್ತದೆ. ಖಾಲಿಯಿದ್ದರೂ ನಳಿಗೆ ಟಾರ್ಗೆಟ್ ಕಡೆಗೇ ಇರಬೇಕು ಅಂತ ಬೇರೆ ಹೇಳಬೇಕಿಲ್ಲ, ಅಲ್ವಾ?

"ಅಭಿನವ್ ಬಿಂದ್ರಾಗೆ ಮನೆಯಲ್ಲೇ ರೇಂಜ್ ಇತ್ತಲ್ಲ, ಸಾಮಾನಿಲ್ಲದೆ ಆಗುತ್ತಾ?" ಅಂತ ಕೇಳುವವರಿದ್ದಾರೆ. ಇತ್ತು, ನಿಜ. ಆದರೆ 2008ರ ಬೀಜಿಂಗ್ ಫೈನಲ್ಲಿಗೆ ಮುಂಚೆ ನಡೆದದ್ದನ್ನು ಅವರೇ ಹೇಳಿದ್ದಾರೆ. ಸೈಟ್ ಸರಿಯಿದೆಯೇ ಅಂತ ನೋಡಲು ಸೈಟಿಂಗ್ ಶಾಟ್ ಹೊಡೆದರೆ, 10ರ ನಡುವಿಗೆ ಹೋಗಬೇಕಾದದ್ದು ಬಿದ್ದದ್ದು 4ರ ರಿಂಗಿನ ಹತ್ತಿರ! ಒಲಿಂಪಿಕ್ ಫೈನಲ್, ಕೈಯಲ್ಲಿ ಕೆಲವೇ ನಿಮಿಷ. ನನ್ನಂಥವನಾದರೆ ಕೈ ನಡುಗಿತೇನೋ ಅಂದುಕೊಂಡು ನಿಲುವನ್ನೇ ಕೆಡಿಸಿಕೊಳ್ಳುತ್ತಿದ್ದೆ. ಅವರು ಸೈಟ್ ಸರಿದಿದೆ ಅಂತ ತಿಳಿದು ಅದನ್ನು ತಿರುಗಿಸಿದರು. ಕೊನೆಯ ಶಾಟ್ 10.8, ಒಟ್ಟು 700.5, ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಚಿನ್ನ. ತನ್ನ ಶಾಟ್ ಹೇಗೆ ಹೋಯಿತೆಂದು ಮೈಗೆ ಗೊತ್ತಿದ್ದವರಿಗೆ ಮಾತ್ರ ಸಾಮಾನಿನ ತಪ್ಪು ಕಾಣುತ್ತದೆ.

ಇನ್ನು ಸಾಮಾನಿನ ಮಾತು. ಟೆಲಿಸ್ಕೋಪ್ ಕೊಳ್ಳಲೇಬೇಡಿ. ಆನ್‌ಲೈನಿನಲ್ಲಿ ಏರ್‌ಗನ್ ಜೊತೆ ಆಸೆ ಹುಟ್ಟಿಸುತ್ತಾರೆ, ಆದರೆ 10 ಮೀಟರ್ ಸ್ಪರ್ಧೆಯಲ್ಲಿ ಅದಕ್ಕೆ ಅವಕಾಶವೇ ಇಲ್ಲ. ಕೊಡಗಿನಲ್ಲಿ ಕೈಲ್ ಮುಹೂರ್ತದ ಹೊತ್ತಿಗೆ ಟೆಲಿಸ್ಕೋಪ್ ಇಲ್ಲದೆ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ನೋಡಿದವರು ಇದಕ್ಕೆ ನಗುತ್ತಾರೆ.

ಜಾಕೆಟ್ ಬೇರೆ ವಿಷಯ. ಅದು ಬೆನ್ನಿಗೆ ಆಸರೆ ಕೊಡುತ್ತದೆ, ಮುಂದೆ ಬೇಕೇ ಬೇಕು. ಆದರೆ ಅದು ಇರುವ ನಿಲುವನ್ನು ಗಟ್ಟಿ ಮಾಡುತ್ತದೆ. ತಪ್ಪು ನಿಲುವಾದರೆ ತಪ್ಪನ್ನೇ ಗಟ್ಟಿ ಮಾಡುತ್ತದೆ. ಎಂಟನೇ ಕ್ಲಾಸಿನ ಹುಡುಗಿ ಒಂದೇ ವರ್ಷದಲ್ಲಿ ಎಷ್ಟು ಎತ್ತರ ಆಗುತ್ತಾಳೋ, ಅಳತೆ ಕೊಟ್ಟು ಹೊಲಿಸಿದ ಜಾಕೆಟ್ ಆಗ ಬಿಗಿ. ಸದ್ಯಕ್ಕೆ ಕ್ಲಬ್ಬಿನದೋ, ಸೀನಿಯರ್ ಮಕ್ಕಳು ಬಿಟ್ಟದ್ದೋ ಹಾಕಿಕೊಳ್ಳಲಿ.

ಯಾವಾಗ ಕೊಡಿಸಬೇಕು? ನನ್ನದೊಂದು ಒರಟು ಅಳತೆ ಇದೆ. ಐದು ಗುಂಡಿನ ಕಾರ್ಡುಗಳನ್ನು ತಾರೀಖು ಹಾಕಿ ಎತ್ತಿಡಿ. ಐದೂ ರಂಧ್ರ ಒಂದು ರೂಪಾಯಿ ನಾಣ್ಯದ ಅಡಿಯಲ್ಲಿ ಮುಚ್ಚಿಹೋಗುವುದು ವಾರದಲ್ಲಿ ಮೂರು ದಿನವಾದರೂ ಕಂಡರೆ ಜಾಕೆಟ್ಟಿಗೆ ಅಳತೆ ಕೊಡಿ. ನಾಣ್ಯ ಟಾರ್ಗೆಟ್ಟಿನ ನಡುವಿನ ಕಪ್ಪು ವೃತ್ತದ ಯಾವ ಮೂಲೆಯಲ್ಲಿದ್ದರೂ ಪರವಾಗಿಲ್ಲ. ಸ್ವಂತ ರೈಫಲ್ ಎಲ್ಲಕ್ಕಿಂತ ಕೊನೆಗೆ. ಹಳೆಯದನ್ನು ಕೊಳ್ಳುವುದಾದರೆ ಗಾಳಿಯ ಸಿಲಿಂಡರ್ ಮೇಲಿನ ತಾರೀಖು ಓದಿ. ಹತ್ತು ವರ್ಷ ದಾಟಿದ್ದರೆ ಸ್ಪರ್ಧೆಗೆ ನಡೆಯುವುದಿಲ್ಲ, ಹೊಸ ಸಿಲಿಂಡರಿನ ಖರ್ಚು ನಿಮ್ಮ ತಲೆಗೇ.