ಔಷಧಿ ಹಾಕಿದರೂ ಮೀನು ಹೇನು ಮತ್ತೆ ಯಾಕೆ ಬರುತ್ತದೆ?

‘ಔಷಧಿ ಹಾಕಿದೆ ಸರ್, ಎಲ್ಲ ಹೋಯ್ತು. ಈಗ ನೋಡಿದರೆ ಮತ್ತೆ ಅಷ್ಟೇ ಇವೆ!’ ಮೀನು ಸಾಕುವವರಿಂದ ನಾನು ಜಾಸ್ತಿ ಕೇಳುವ ದೂರು ಇದು. ಸುಮ್ನೆ ಬೈಸಿಕೊಳ್ಳುವವನು ಔಷಧಿ ಮಾರಿದವನು. ಔಷಧಿ ತನ್ನ ಕೆಲಸ ಮಾಡಿರುತ್ತದೆ. ಮೀನಿನ ಮೈಮೇಲಿದ್ದದ್ದು ಸತ್ತಿರುತ್ತದೆ, ಕೊಳದಲ್ಲಿದ್ದ ಮೊಟ್ಟೆ ಉಳಿದಿರುತ್ತದೆ.

ಮೀನು ಹೇನು, ಅಂದರೆ ಆರ್ಗ್ಯುಲಸ್, ಬರಿಗಣ್ಣಿಗೇ ಕಾಣುತ್ತದೆ. ಚಪ್ಪಟೆಯಾಗಿ ಮೈಗೆ ಅಂಟಿಕೊಂಡು ರಕ್ತ ಹೀರುತ್ತದೆ. ಆದರೆ ಮೊಟ್ಟೆ ಇಡುವಾಗ ಹೆಣ್ಣು ಹೇನು ಮೀನನ್ನು ಬಿಟ್ಟು ಈಜಿ ಹೋಗುತ್ತದೆ. ಕಲ್ಲು, ಕಂಬ, ಗಿಡದ ಕಾಂಡ, ಗಟ್ಟಿಯಾದದ್ದು ಏನು ಸಿಕ್ಕರೂ ಅದರ ಮೇಲೆ ಸಾಲಾಗಿ ಮೊಟ್ಟೆ ಅಂಟಿಸುತ್ತದೆ. ಹೇನನ್ನು ಕೊಲ್ಲುವ ಔಷಧಿ ಮೊಟ್ಟೆಯನ್ನು ಮುಟ್ಟುವುದಿಲ್ಲ. ಬೆಚ್ಚಗಿನ ನೀರಿನಲ್ಲಿ ಮೊಟ್ಟೆ ಎರಡು ಮೂರು ವಾರದೊಳಗೆ ಒಡೆಯುತ್ತದೆ. ತಣ್ಣಗಿದ್ದರೆ ಎರಡು ತಿಂಗಳೂ ಹಿಡಿಯಬಹುದು. ಎರಡನೆಯ ಸಲದ ಔಷಧಿಯನ್ನು ಈ ಲೆಕ್ಕ ನೋಡಿಯೇ ಹಾಕಬೇಕು. ಮೊದಲನೆಯದಕ್ಕಿಂತ ಅದೇ ಮುಖ್ಯ ಅಂತ ನನಗನ್ನಿಸುತ್ತದೆ.

ಖರ್ಚಿಲ್ಲದ ಒಂದು ಉಪಾಯವೂ ಇದೆ. ಕೊಳದಲ್ಲಿ ಕೆಲವು ಹಲಗೆಗಳನ್ನು ಇಳಿಬಿಡಿ. ಹೇನು ಅವುಗಳ ಮೇಲೆ ಮೊಟ್ಟೆ ಇಡುತ್ತದೆ. ವಾರಕ್ಕೊಮ್ಮೆ ಮೇಲೆತ್ತಿ, ಕೆರೆದು, ಬಿಸಿಲಿಗೆ ಒಣಗಿಸಿ ಮತ್ತೆ ಇಳಿಸಿ. ಕೆರೆದದ್ದು ನೀರಿಗೆ ಬೀಳಬಾರದು ಅಷ್ಟೆ.

ಬಿಳಿ ಚುಕ್ಕೆ ರೋಗದ ಕಥೆ ಬೇರೆ. ಅದರ ಜೀವಿ ಕೂತಿರುವುದು ಚರ್ಮದ ಕೆಳಗೆ. ಅಲ್ಲಿಗೆ ಉಪ್ಪುನೀರೂ ತಲುಪುವುದಿಲ್ಲ, ಔಷಧಿಯೂ ತಲುಪುವುದಿಲ್ಲ. ಬಲಿತ ಮೇಲೆ ಅದು ಉದುರಿ ತಳ ಸೇರಿ, ಒಡೆದು ನೂರಾರು ಮರಿಗಳಾಗುತ್ತದೆ. ಆ ಮರಿಗಳಿಗೆ ಒಂದೆರಡು ದಿನದಲ್ಲಿ ಮೀನು ಸಿಗದಿದ್ದರೆ ಸಾಯುತ್ತವೆ. ಔಷಧಿಗೆ ಅವು ಸಿಗುವುದು ಹೀಗೆ ಮೀನಿನ ಮೈ ಬಿಟ್ಟು ನೀರಿನಲ್ಲಿದ್ದಾಗ ಮಾತ್ರ. 25 ಡಿಗ್ರಿಯ ನೀರಿನಲ್ಲಿ ಈ ಸುತ್ತು ಸುಮಾರು ವಾರದಲ್ಲಿ ಮುಗಿಯುತ್ತದೆ. ಹಾಗಾಗಿ ಎರಡು ಮೂರು ದಿನಕ್ಕೊಮ್ಮೆ ಔಷಧಿ ಹಾಕುತ್ತಲೇ ಇರಬೇಕು. ಚುಕ್ಕೆ ಮಾಯವಾಯಿತೆಂದು ಅರ್ಧಕ್ಕೇ ನಿಲ್ಲಿಸಿದರೆ ರೋಗ ಮರಳುವುದು ಖಂಡಿತ.

ಕಿವಿರು, ಚರ್ಮಕ್ಕೆ ಅಂಟುವ ಹುಳುಗಳು ಕಣ್ಣಿಗೆ ಕಾಣುವುದು ಕಷ್ಟ. ಡ್ಯಾಕ್ಟೈಲೋಗೈರಸ್ ಮೊಟ್ಟೆ ಇಡುತ್ತದೆ. ಅದರ ನೆಂಟ ಗೈರೋಡ್ಯಾಕ್ಟೈಲಸ್ ಮರಿಯನ್ನೇ ಹಾಕುತ್ತದೆ, ಹೊಟ್ಟೆಯೊಳಗಿನ ಮರಿಯ ಹೊಟ್ಟೆಯಲ್ಲೂ ಇನ್ನೊಂದು ಮರಿ! ಯಾವುದು ಎಂದು ಗೊತ್ತಾಗಲು ಮೈಕ್ರೋಸ್ಕೋಪ್ ಬೇಕು. ಪರೀಕ್ಷೆಗೆ ಜೀವ ಇರುವ ಮೀನನ್ನೇ ತನ್ನಿ. ಸತ್ತ ಮೀನಿನ ಮೈಯಿಂದ ಎಷ್ಟೋ ಪರಾವಲಂಬಿಗಳು ಬೇಗ ಜಾಗ ಖಾಲಿ ಮಾಡುತ್ತವೆ. ಮೈಯ ಲೋಳೆಯಲ್ಲಿ ಟ್ರೈಕೋಡಿನಾ ಎಂಬ ಸೂಕ್ಷ್ಮ ಪರಾವಲಂಬಿ ರಾಶಿ ಕಂಡರೆ ನಾನು ಮೊದಲು ಕೇಳುವುದು, ಮೀನು ಎಷ್ಟು ಬಿಟ್ಟಿದ್ದೀರಿ, ತಳದಲ್ಲಿ ಕೊಳೆ ಎಷ್ಟಿದೆ ಅಂತ.

ರೋಗ ಕೊಳಕ್ಕೆ ಬರುವುದು ಹೆಚ್ಚಾಗಿ ಹೊಸ ಮರಿಗಳ ಜೊತೆ. ಅವುಗಳನ್ನು ಎರಡು ಮೂರು ವಾರ ಬೇರೆ ತೊಟ್ಟಿಯಲ್ಲಿಡಿ. ಆ ತೊಟ್ಟಿಯ ಬಲೆಯನ್ನು ಕೊಳಕ್ಕೆ ಹಾಕಬೇಡಿ. ಫಸಲು ತೆಗೆದ ಮೇಲೆ ಕೊಳ ಬತ್ತಿಸಿ, ಮಣ್ಣು ಬಿರಿಯುವವರೆಗೆ ಒಣಗಿಸಿ, ಸುಣ್ಣ ಹಾಕಿ. ಮಿಕ್ಸೋಬೋಲಸ್‌ನಂಥ ಸೂಕ್ಷ್ಮ ಪರಾವಲಂಬಿ ತರುವ ರೋಗಕ್ಕೆ ನಂಬುವಂಥ ಔಷಧಿಯೇ ಇಲ್ಲ, ಹಾಗಾಗಿ ಈ ಕೆಲಸ ಬಿಡುವಂತಿಲ್ಲ. ಆದರೆ ಸುಟ್ಟ ಸುಣ್ಣ ಖಾಲಿ ಕೊಳಕ್ಕೆ ಮಾತ್ರ. ಮೀನಿದ್ದಾಗ ಸುರಿದರೆ ಪಿಎಚ್ ಏರಿ ಮೀನೇ ಸಾಯಬಹುದು.

ಪರಾವಲಂಬಿ ಕೊಲ್ಲಲು ಫಾರ್ಮಲಿನ್ ಬಳಸುವವರಿಗೊಂದು ಮಾತು. ಅದು ನೀರಿನ ಆಮ್ಲಜನಕ ಇಳಿಸುತ್ತದೆ. ಮೀನು ಮೇಲೆ ಬಂದು ಬಾಯಿ ಬಿಡುತ್ತಿದ್ದರೆ ಅವತ್ತು ಹಾಕಬೇಡಿ. ಮ್ಯಾಲಕೈಟ್ ಗ್ರೀನ್ ಎಂಬ ಹಸಿರು ಬಣ್ಣದ ರಾಸಾಯನಿಕ ಅಂತೂ ತಿನ್ನುವ ಮೀನಿಗೆ ಬೇಡವೇ ಬೇಡ, ಅದರ ಅಂಶ ಮಾಂಸದಲ್ಲಿ ಉಳಿಯುತ್ತದೆ.